ಬಿಡುವಿನ ವೇಳೆ: ನದೀತೀರದ ಮನೆ ಮಾರಾಟಕ್ಕಿದೆ

ಹೋದ ಸಂಚಿಕೆಯಲ್ಲಿ ಬಾಡಿಗೆ ಮನೆಯ ನೀರಿನ ಮೋಟಾರಿನ ಪುರಾಣವನ್ನು ಬರೆದು ವಾಚಕರ ತಾಳ್ಮೆಯನ್ನು ಪರೀಕ್ಷಿಸಿದ್ದಾಯಿತು. ಈ ಸಲ ಮಾರಾಟದ ಮನೆಯ ವಿಷಯ. ಅದೂ ಅಂತಿಂಥ ಮನೆಯಲ್ಲ. ಇಂಗ್ಲೆಂಡಿನಲ್ಲಿ, ಥೇಮ್ಸ್ ನದಿಯ ದಡದಲ್ಲಿರುವ, ಜಾರ್ಜಿಯನ್ ಶೈಲಿಯ ಮೂರಂತಸ್ತಿನ ಮನೆ. ಕೊಳ್ಳುವವನು ನಾನೆಂದು ದಯವಿಟ್ಟು ಯಾರೂ ಭ್ರಮಿಸಬಾರದು. ಲಂಡನ್ನಿನಲ್ಲಿರುವ ನನ್ನ ಹಳೆಯ ಸಹಪಾಠಿಯೊಬ್ಬ ಅಲ್ಲಿನ ಮನೆಗಳ ಬೆಲೆ ನೋಡಿ ಎದೆಯೊಡೆದುಕೊಂಡು, ನನ್ನ ಎದೆಯೂ ಒಡೆಯಲಿ ಎಂಬ ಸದುದ್ದೇಶದಿಂದ ಆ ಜಾಹೀರಾತನ್ನು ನನ್ನ ಮೊಬೈಲಿಗೆ ಕಳುಹಿಸಿದ್ದ.

ಭಾನುವಾರದ ಬೆಳಗ್ಗೆ, ಎರಡನೆಯ ಕಾಫಿಯ ಹೊತ್ತು. ಮನೆಮಂದಿಗೆಲ್ಲ ಕೇಳಿಸುವಂತೆ ಓದಿದೆ. ನದಿಯತ್ತ ತೆರೆಯುವ ಸಾಲು ಕಿಟಕಿಗಳು, ಬಾಗಿಲ ಮೇಲೆ ಬೀಸಣಿಗೆಯಾಕಾರದ ಗಾಜು, ಪ್ರತಿ ಕೋಣೆಗೂ ಬೆಂಕಿಗೂಡು, ಹಿಂದೆ ನೀರಿನವರೆಗೆ ಇಳಿಯುವ ತೋಟ. ಕರೋಲ್ ಬಾಗಿನ ನಮ್ಮ ಎರಡು ಕೋಣೆಯ ಮನೆಗೆ ಇರುವುದು ಎರಡೇ ಕಿಟಕಿ. ಒಂದು, ಎದುರು ಮನೆಯ ಕೂಲರಿನ ಬೆನ್ನಿಗೆ ತೆರೆಯುತ್ತದೆ. ಇನ್ನೊಂದು ತೆರೆಯುವುದೇ ಇಲ್ಲ.

"ಅಪ್ಪ, ಜಾರ್ಜಿಯನ್ ಅಂದ್ರೇನು?" ಎಂದ ಐದನೆಯ ತರಗತಿಯ ಮಗ.

ಬಿ.ಎ. ಪದವಿ ಇಂಥ ಹೊತ್ತಿನಲ್ಲಿಯಾದರೂ ಉಪಯೋಗಕ್ಕೆ ಬರಬೇಕಲ್ಲ! ೧೭೧೪ರಿಂದ ೧೮೩೦ರ ವರೆಗೆ ಇಂಗ್ಲೆಂಡಿನ ಗಾದಿಯಲ್ಲಿ ಒಬ್ಬರಾದ ಮೇಲೊಬ್ಬರಂತೆ ಕುಳಿತ ನಾಲ್ವರು ರಾಜರ ಹೆಸರೂ ಜಾರ್ಜ್ ಎಂದೇ. ಅವರ ಕಾಲದ ಕಟ್ಟಡಗಳಿಗೆ ಆ ಹೆಸರು ನಿಂತಿತು. ಮನೆಯ ಮುಖವೆಲ್ಲ ಅಳತೆ ಹಿಡಿದು ಮಾಡಿದ್ದು. ಅಡ್ಡಕ್ಕೂ ಉದ್ದಕ್ಕೂ ಸಾಲು ತಪ್ಪದ ಕಿಟಕಿಗಳು. ಅವುಗಳ ಚೌಕಟ್ಟು ಪಕ್ಕಕ್ಕೆ ತೆರೆಯದೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ ಕಿಟಕಿ ಗಿಡ್ಡ. ಏಕೆಂದರೆ ಅಲ್ಲಿ ಮಲಗುತ್ತಿದ್ದವರು ಆಳುಕಾಳುಗಳು. ಆ ದೇಶದಲ್ಲಿ ೧೬೯೬ರಿಂದ ೧೮೫೧ರ ವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಇಟ್ಟಿಗೆಯಿಟ್ಟು ಕಿಟಕಿಗಳನ್ನೇ ಮುಚ್ಚಿಸಿದರು. ಅಂಥ ಕುರುಡು ಕಿಟಕಿಗಳನ್ನು ಅಲ್ಲಿ ಇಂದಿಗೂ ಕಾಣಬಹುದು. ನಮ್ಮ ಮನೆಯ ಮಾಲಿಕರು ಯಾವ ತೆರಿಗೆಗೆ ಹೆದರಿ ಕಟ್ಟಿಸಿದರೋ ತಿಳಿಯದು.

ನನ್ನಾಕೆ ಇಷ್ಟೂ ಹೊತ್ತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆಯೆತ್ತದೆ ಅಂದಳು: "ನದೀತೀರದ ಮನೆ ಮಾರಾಟ ನೋಡೋದಕ್ಕೆ ಲಂಡನ್ನಿಗೆ ಯಾಕೆ ಹೋಗ್ತೀರಿ? ನಿಮ್ಮ ಅಣ್ಣ ಬರೆದು ಹದಿನೈದು ದಿವಸ ಆಯ್ತು. ಅದಕ್ಕೆ ಉತ್ತರ ಬರೆದಿರಾ?"

ಬರೆದಿರಲಿಲ್ಲ.

ನಮ್ಮದು ಶ್ರೀರಂಗಪಟ್ಟಣ. ಕಾವೇರಿಯ ಕಡೆಯ ಬೀದಿಯಲ್ಲಿ ಮುತ್ತಾತನ ಕಾಲದ ಹೆಂಚಿನ ಮನೆ: ಜಗಲಿ, ಪಡಸಾಲೆ, ನಡುವೆ ತೊಟ್ಟಿ, ಹಿಂದೆ ಹಿತ್ತಲು, ಹಿತ್ತಲ ಬಾಗಿಲಿನಿಂದ ನದಿಗಿಳಿಯಲು ಕಲ್ಲಿನ ಮೆಟ್ಟಿಲು. ಮಕ್ಕಳ ಓದಿಗೆಂದು ಅಣ್ಣ ಮೈಸೂರಿಗೆ ಹೋದ. ಅಮ್ಮನೂ ಅವನೊಡನೆ ಇದ್ದಾಳೆ. ಭಾನುವಾರ ಹೋಗಿ ಬೀಗ ತೆಗೆದು, ಕಸ ಗುಡಿಸಿ, ದೀಪ ಹಚ್ಚಿ ಬರುತ್ತಾನೆ. ಈಗ ಬೆಂಗಳೂರಿನವರೊಬ್ಬರು ಆ ಮನೆಯನ್ನು ಕೊಂಡು ಪ್ರವಾಸಿಗರ ತಂಗುಮನೆ ಮಾಡುವುದಾಗಿ ಬಂದಿದ್ದಾರೆ. ಒಳ್ಳೆಯ ಬೆಲೆಯನ್ನೇ ಹೇಳಿದ್ದಾರೆ. ಅಣ್ಣ ಬರೆದಿದ್ದ: "ನೀನು ಅಲ್ಲಿಂದಲೇ ಜಿ.ಪಿ.ಎ. ಮಾಡಿ ಕಳುಹಿಸು. ಅಕ್ಕ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮುಗಿಯಿತು. ಅವಳಿಗೆ ಅರಿಶಿನ ಕುಂಕುಮಕ್ಕೆಂದು ಏನಾದರೂ ಕೊಡೋಣ."

ಉತ್ತರ ಬರೆಯುವ ಬದಲು, ಎಲ್ಲ ಗಂಡಸರಂತೆ, ನಾನು ಇತಿಹಾಸದ ಮೊರೆಹೊಕ್ಕೆ. "ಬಾ ಮಗು, ಜಾರ್ಜಿಯನ್ ಏನೆಂದು ತೋರಿಸುತ್ತೇನೆ" ಎಂದು ಅವನನ್ನು ಕರೆದುಕೊಂಡು ಮೆಟ್ರೋ ಹತ್ತಿದೆ. ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ ಕಾಶ್ಮೀರಿ ಗೇಟಿನಲ್ಲಿ ಇಳಿದೆವು. ಅಲ್ಲಿ ದಾರಾ ಶಿಕೋಹನ ಪುಸ್ತಕ ಭಂಡಾರವಿದ್ದ ಕಟ್ಟಡವಿದೆ. ೨೦೨೩ರಿಂದ ಅದರೊಳಗೆ ದೇಶವಿಭಜನೆಯ ವಸ್ತುಸಂಗ್ರಹಾಲಯವಿದೆ. ೧೮೦೩ರಲ್ಲಿ ದಿಲ್ಲಿ ಕೈವಶವಾದ ಮೇಲೆ ಇಂಗ್ಲಿಷರ ರೆಸಿಡೆಂಟನಾದ ಆಕ್ಟರ್‌ಲೋನಿ ಅಲ್ಲಿ ವಾಸವಾಗಿದ್ದ. ಮುಂದೆ ನಿಂತು ನೋಡಿದರೆ ಬಿಳಿಯ ಎತ್ತರದ ಕಂಬಗಳು, ಜಾರ್ಜ್ ದೊರೆಯ ಠೀವಿ. ಹಿಂದಕ್ಕೆ ಹೋದರೆ ಮೊಗಲರ ಕಾಲದ ಕಮಾನುಗಳು. ಹಳೆಯ ಮನೆಗೆ ಹೊಸ ಯಜಮಾನ ಹೊಸ ಮುಖವನ್ನು ಅಂಟಿಸಿದ್ದಾನೆ, ಅಷ್ಟೇ.

ಅಲ್ಲಿಂದ ಉತ್ತರಕ್ಕೆ, ಯಮುನೆಯ ಕಡೆಗೆ ಮೆಟ್ಕಾಫ್ ಹೌಸ್. ಥಾಮಸ್ ಮೆಟ್ಕಾಫ್ ೧೮೩೦ರ ದಶಕದಲ್ಲಿ ನದೀತೀರದಲ್ಲಿ ಕಟ್ಟಿಸಿದ ಅರಮನೆಯಂಥ ಮನೆ. ಬೇಸಗೆಯ ಝಳ ತಪ್ಪಿಸಿಕೊಳ್ಳಲು ನೆಲಮಾಳಿಗೆಯಲ್ಲಿ ಕೋಣೆಗಳನ್ನು ಮಾಡಿಸಿದ್ದ. ೧೮೫೩ರಲ್ಲಿ ಅವನು ತೀರಿಕೊಂಡ. ೧೮೫೭ರಲ್ಲಿ ಸುತ್ತಲಿನ ಹಳ್ಳಿಯವರು ಮನೆಯನ್ನು ಸೂರೆಮಾಡಿದರು. ೧೯೪೭ರಲ್ಲಿ ನಮ್ಮ ಐ.ಎ.ಎಸ್. ಅಧಿಕಾರಿಗಳ ತರಬೇತಿ ಶಾಲೆ ಶುರುವಾದದ್ದು ಆ ಮನೆಯಲ್ಲೇ. ಈಗ ರಕ್ಷಣಾ ಇಲಾಖೆಯ ಸಂಶೋಧನಾಲಯದ ವಶದಲ್ಲಿರುವುದರಿಂದ ನಾವು ಹೊರಗಿನಿಂದಲೇ ಕೈಮುಗಿದೆವು. "ನದಿ ಎಲ್ಲಿ?" ಎಂದ ಮಗ. ನದಿ ಅಲ್ಲಿಂದ ಸರಿದುಹೋಗಿದೆ. ಆದರೆ ಹಳೆಯ ದಾರಿಯನ್ನು ಮರೆತಿಲ್ಲ. ೨೦೨೩ರ ಜುಲೈನಲ್ಲಿ ಹಳೆಯ ರೈಲು ಸೇತುವೆಯ ಬಳಿ ಯಮುನೆಯ ಮಟ್ಟ ೨೦೮.೬೬ ಮೀಟರಿಗೆ ಏರಿ, ೧೯೭೮ರ ೨೦೭.೪೯ ಮೀಟರಿನ ದಾಖಲೆಯನ್ನು ಮುರಿದಾಗ, ಸಿವಿಲ್ ಲೈನ್ಸಿನ ಬಂಗಲೆಗಳಿಗೇ ನೀರು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಹಿಂದಿರುಗುವಾಗ ಗಾಡಿಯಲ್ಲಿ ಮಗನಿಗೆ ನಮ್ಮ ಊರಿನ ಕಥೆ ಹೇಳಿದೆ. ೧೭೯೯ರ ಮೇ ೪ರಂದು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದಾಗ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್. ಗೆದ್ದ ಸೈನ್ಯದ ಅಧಿಕಾರಿಗಳು ಕಾವೇರಿಯ ದಡದಲ್ಲಿ ಬಂಗಲೆಗಳನ್ನು ಹಿಡಿದರು. ಜನರಲ್ ಹ್ಯಾರಿಸನ ಹೆಸರಿನ ಬಂಗಲೆಯಲ್ಲಿ ಮುಂದೆ ದಿವಾನ್ ಪೂರ್ಣಯ್ಯನವರು ವಾಸವಾಗಿದ್ದು, ೧೮೧೨ರಲ್ಲಿ ಅಲ್ಲಿಯೇ ತೀರಿಕೊಂಡರು. ೧೮೦೪ರಲ್ಲಿ ಕಾವೇರಿಗೆ ಕಲ್ಲಿನ ವೆಲ್ಲೆಸ್ಲಿ ಸೇತುವೆಯನ್ನು ಕಟ್ಟಿಸಿದವರೂ ಅವರೇ. ಇಷ್ಟು ಸೊಗಸಾದ ಊರನ್ನು ಬಿಟ್ಟು ಇಂಗ್ಲಿಷರ ದಂಡು ೧೮೦೯ರಲ್ಲಿ ಬೆಂಗಳೂರಿಗೆ ಏಕೆ ಹೋಯಿತು? ಶತ್ರುಗಳಿಗೆ ಹೆದರಿ ಅಲ್ಲ, ಸೊಳ್ಳೆಗಳಿಗೆ ಸೋತು. ಚಳಿಜ್ವರ ಸಿಪಾಯಿಯನ್ನೂ ಸಾಹೇಬನನ್ನೂ ಒಂದೇ ಸಮನಾಗಿ ನಡುಗಿಸಿತು. ನದೀತೀರದ ಮನೆಯ ಯಾವ ಜಾಹೀರಾತಿನಲ್ಲಿಯೂ ಸೊಳ್ಳೆಯ ಪ್ರಸ್ತಾಪವಿರುವುದಿಲ್ಲ.

ಅಲ್ಲಿಯೇ ಕರ್ನಲ್ ಸ್ಕಾಟನ ಬಂಗಲೆಯೂ ಇದೆ. ಅವನ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತರೆಂದೂ, ಅವನು ಮನೆಯನ್ನು ಇದ್ದಂತೆಯೇ ಬಿಟ್ಟು ಕಾಣೆಯಾದನೆಂದೂ, ಒಂದು ಕುರ್ಚಿಯನ್ನೂ ಕದಲಿಸಬಾರದೆಂದು ಮಹಾರಾಜರು ಅಪ್ಪಣೆ ಮಾಡಿದರೆಂದೂ ಊರಿನಲ್ಲಿ ಕಥೆ ಹೇಳುತ್ತಾರೆ. ಚಿಕ್ಕಂದಿನಲ್ಲಿ ಆ ಕಥೆ ಕೇಳಿ ಹೆದರುತ್ತಿದ್ದೆ. ಈಗ ನೆನೆದರೆ ಬೇರೆಯೇ ಒಂದು ವಿಚಾರ ಬರುತ್ತದೆ: ಮಾರದೆ, ವಾಸವೂ ಮಾಡದೆ, ಇದ್ದಂತೆಯೇ ಇಟ್ಟ ಮನೆ ಕೊನೆಗೆ ದೆವ್ವದ ಕಥೆಗಷ್ಟೇ ಉಳಿಯುತ್ತದೆ. ಬೀಗ ಹಾಕಿದ ನಮ್ಮ ಮನೆಯನ್ನು ಮಾರುವುದರಲ್ಲಿ ತಪ್ಪೇನಿದೆ?

ತಪ್ಪಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಮನೆಗೆ ಬಂದೆ. "ನಾಳೆ ಅಣ್ಣನಿಗೆ ಒಪ್ಪಿಗೆ ಬರೆಯುತ್ತೇನೆ" ಎಂದೆ. ನನ್ನಾಕೆ ಕೇಳಿದ್ದು ಒಂದೇ ಮಾತು: "ಅಕ್ಕನನ್ನು ಕೇಳಿದಿರಾ?"

ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ಮಿತ್ರರನ್ನು ವಿಚಾರಿಸಿದೆ. ಅವರು ಕಾನೂನು ಪದವೀಧರರು. ಅವರು ವಿವರಿಸಿದ್ದು ನಮ್ಮ ಸಂಘದ ಅನೇಕ ಕುಟುಂಬಗಳಿಗೆ ಬೇಕಾಗುವ ಸಂಗತಿಯಾದ್ದರಿಂದ ಇಲ್ಲಿ ಬರೆಯುತ್ತೇನೆ. ಹಿರಿಯರ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದು ಕರ್ನಾಟಕದಲ್ಲಿ ೧೯೯೪ರಲ್ಲಿಯೇ ತಿದ್ದುಪಡಿ ಬಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಬಿಟ್ಟಿತು. ನಮ್ಮಕ್ಕನ ಮದುವೆ ೧೯೯೩ರಲ್ಲಿ. ಒಂದು ವರ್ಷದಲ್ಲಿ ತಪ್ಪಿಹೋಯಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಲ್ಲಿ ಮದುವೆಯ ಪ್ರಶ್ನೆಯೇ ಇಲ್ಲ. ನಮ್ಮ ತಂದೆ ತೀರಿಕೊಂಡದ್ದು ೨೦೦೧ರಲ್ಲಿ. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ಚರ್ಚೆಯನ್ನೂ ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರ ತೀರ್ಪಿನಲ್ಲಿ ಮುಗಿಸಿದೆ: ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿರಬೇಕೆಂಬ ನಿಯಮವಿಲ್ಲ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಮಾತು ಬೇರೆ. ನಮ್ಮಲ್ಲಿ ಪಾಲಾಗಿರಲಿಲ್ಲ.

ಜಿ.ಪಿ.ಎ. ವಿಷಯವಾಗಿಯೂ ಅವರು ಎಚ್ಚರಿಸಿದರು. ದಿಲ್ಲಿಯಲ್ಲಿರುವವರು ಊರಿನ ಆಸ್ತಿಯ ನೋಂದಣಿಗೆ ಅಧಿಕಾರ ಕೊಡುವುದಾದರೆ ಇಲ್ಲಿ ತಮ್ಮ ವಾಸಸ್ಥಳದ ಸಬ್ ರಿಜಿಸ್ಟ್ರಾರರ ಮುಂದೆಯೇ ಅದನ್ನು ಬರೆದು ದೃಢೀಕರಿಸಬೇಕು. ಕೊಳ್ಳುವ ಕಡೆಯವರಾದರೆ, ಬರಿಯ ಜಿ.ಪಿ.ಎ. ನಂಬಿ ಹಣ ಕೊಡಬಾರದು. ಅದರಿಂದ ಒಡೆತನ ಬರುವುದಿಲ್ಲವೆಂದು ೨೦೧೧ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ.

ಇಷ್ಟು ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಹಳೆಯ ಸುತ್ತೋಲೆಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಮೂರರಲ್ಲಿ ಒಂದು ಪಾಲಾದರೆ ಎಷ್ಟು, ನಾಲ್ಕರಲ್ಲಿ ಒಂದಾದರೆ ಎಷ್ಟು? ವ್ಯತ್ಯಾಸ ದ್ವಾರಕಾದ ಕಡೆ ಒಂದು ಸಣ್ಣ ಫ್ಲ್ಯಾಟಿಗೆ ಕಟ್ಟಬೇಕಾದ ಮುಂಗಡದಷ್ಟಿತ್ತು. ಕಾಗದವನ್ನು ಹರಿದು ಬುಟ್ಟಿಗೆ ಹಾಕಿದೆ. ಆದರೆ ಲೆಕ್ಕ ಮನಸ್ಸಿನಿಂದ ಹರಿಯಲಿಲ್ಲ.

ರಾತ್ರಿ ಹಾಸನಕ್ಕೆ ಫೋನು ಮಾಡಿದೆ. ಅಕ್ಕ ನನಗಿಂತ ಹದಿನಾರು ವರ್ಷಕ್ಕೆ ದೊಡ್ಡವಳು. ಅವಳ ಮದುವೆಯಲ್ಲಿ ನಾನು ನಾಲ್ಕು ವರ್ಷದ ಹುಡುಗ. ವಿಷಯವನ್ನೆಲ್ಲ ಕೇಳಿ, "ಮಾರೋ ಮಾತು ನನಗೆ ಹೇಳ್ತಿರೋನು ನೀನೇ ಮೊದಲು ಕಣೋ" ಎಂದಳು.

"ಮಾರುವುದು ನಿನಗೆ ಬೇಡವೇನಕ್ಕ?"

"ಬೇಡ ಅನ್ನೋದಕ್ಕೆ ನಾನೇನು ಬಂದು ಹೆಂಚು ಕಟ್ಟಿಸ್ತೀನಾ? ಪಾಪ, ಅವನೊಬ್ಬನೇ ಎಷ್ಟು ವರ್ಷ ಓಡಾಡಿದ. ಮಾರಿ. ಆದರೆ ಬಿಡುಗಡೆ ಪತ್ರಕ್ಕೆ ನಾನು ಸಹಿ ಹಾಕಲ್ಲ. ಕ್ರಯಪತ್ರಕ್ಕೆ ಹಾಕ್ತೀನಿ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು: "ಬಿಡುಗಡೆ ಅಂದ್ರೆ ಆ ಮನೆಯಲ್ಲಿ ನನ್ನದೇನೂ ಇಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ಕ್ರಯಪತ್ರ ಅಂದ್ರೆ, ನನ್ನದಾಗಿತ್ತು, ಮಾರಿದೆ ಅಂತ. ಆ ಮೆಟ್ಟಿಲನ್ನು ದಿನಾ ಬೆಳಗ್ಗೆ ಬಿಂದಿಗೆ ಹಿಡಿದು ಇಳಿದೋಳು ನಾನು. ನೀನೂ ಅಣ್ಣನೂ ಈಜೋದಕ್ಕೆ ಇಳಿದಿರಿ."

ಆ ಮನೆಯ ಬಗೆಗೆ ನಾನು ಬಲ್ಲ ಇತಿಹಾಸವೆಲ್ಲ ಆ ಒಂದು ಮಾತಿನ ಮುಂದೆ ಸಣ್ಣದಾಯಿತು. ೧೯೨೪ರ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ತಾತ ನಡುಮನೆಯ ಗೋಡೆಯಲ್ಲಿ ಕೊರೆದಿಟ್ಟ ಗೆರೆ ನನಗೆ ಗೊತ್ತು. ಬಂದವರಿಗೆಲ್ಲ ತೋರಿಸುತ್ತಿದ್ದೆ. ಅಕ್ಕ ಎಷ್ಟು ಬಿಂದಿಗೆ ಹೊತ್ತಳೆಂಬುದಕ್ಕೆ ಯಾರೂ ಗೆರೆ ಕೊರೆದಿಡಲಿಲ್ಲ.

ಅಣ್ಣನಿಗೆ ಇದನ್ನು ತಿಳಿಸಿದೆ. ಮೂರು ದಿನ ಮಾತಿಲ್ಲ. ಅವನ ಬೇಸರವನ್ನೂ ಅನ್ಯಾಯವೆನ್ನಲಾರೆ. ಕಂದಾಯ ಕಟ್ಟಿದವನು, ಗೆದ್ದಲಿಗೆ ಔಷಧಿ ಹಾಕಿಸಿದವನು ಅವನು. ೨೦೧೯ರ ಆಗಸ್ಟಿನಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ರಾತ್ರಿಯೆಲ್ಲ ಹಿತ್ತಲ ಬಾಗಿಲಿನಲ್ಲಿ ಕುಳಿತಿದ್ದವನೂ ಅವನೇ. ಅದಕ್ಕೆ ತಗುಲಿದ ಖರ್ಚನ್ನು ಮೊದಲು ಅವನಿಗೆ ಕೊಟ್ಟು, ಉಳಿದುದನ್ನು ನಾಲ್ಕು ಸಮಪಾಲು ಮಾಡೋಣವೆಂದು ಬರೆದೆ. ನಾಲ್ಕನೆಯ ದಿನ ಅಮ್ಮನೇ ಫೋನು ಮಾಡಿ, "ಆಗಲಂತೆ, ಅವನು ಒಪ್ಪಿದ್ದಾನೆ" ಎಂದಳು. ಅಮ್ಮ ಅವನಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ.

ನಮ್ಮ ಪೈಕಿ ಎಷ್ಟೋ ಜನರಿಗೆ ಊರಿನಲ್ಲಿ ಒಂದು ಬೀಗ ಹಾಕಿದ ಮನೆಯಿದೆ. ತುಂಗೆಯ ದಡದಲ್ಲಿರಬಹುದು, ಮಲಪ್ರಭೆಯ ದಡದಲ್ಲಿರಬಹುದು, ನದಿಯೇ ಇಲ್ಲದ ಊರಿನಲ್ಲಿರಬಹುದು. ಮಾರುವವರು ಮಾರಲಿ, ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಕೊಳ್ಳುವವರೊಡನೆ ಮಾತಾಡುವ ಮೊದಲು ಮನೆಯ ಹೆಣ್ಣುಮಕ್ಕಳೊಡನೆ ಮಾತಾಡಿದರೆ ಸಾಕು. ಅದಕ್ಕೆ ವಕೀಲರ ಫೀಜೂ ಇಲ್ಲ.

ಮೊನ್ನೆ ಕ್ರಯಪತ್ರದ ಕರಡು ಬಂದಿತು. ಕರ್ನಾಟಕದ ನೋಂದಣಿ ಇಲಾಖೆಯ ಗಣಕ ವ್ಯವಸ್ಥೆಗೆ 'ಕಾವೇರಿ' ಎಂದೇ ಹೆಸರು. ಕಾವೇರಿಯ ದಡದ ಮನೆ ಕಾವೇರಿಯಲ್ಲಿಯೇ ದಾಖಲಾಗಿ ಹೋಗುತ್ತದೆ. ಮಾರುವವರ ಪಟ್ಟಿಯಲ್ಲಿ ಅಮ್ಮ, ಅಣ್ಣ, ನಾನು, ಕೊನೆಯಲ್ಲಿ ಅಕ್ಕ ಎಂದು ಬರೆದಿತ್ತು. ಗುಮಾಸ್ತನ ಚಾಳಿ ಎಲ್ಲಿ ಹೋದೀತು? ಕೆಂಪು ಶಾಯಿಯ ಲೇಖನಿ ತೆಗೆದು, ಅಕ್ಕನ ಹೆಸರಿಗೆ ಸುತ್ತು ಹಾಕಿ, ಅಮ್ಮನ ಹೆಸರಿನ ಕೆಳಗೆ ಬಾಣ ಎಳೆದು, ಪಕ್ಕದಲ್ಲಿ "ವಯಸ್ಸಿನ ಕ್ರಮದಲ್ಲಿ ಬರೆಯತಕ್ಕದ್ದು" ಎಂದು ಷರಾ ಬರೆದು ಹಿಂದಕ್ಕೆ ಕಳುಹಿಸಿದ್ದೇನೆ.