ಸೀಟು ಸಿಕ್ಕಿತು, ಕೊಠಡಿ ಮಹಡಿಯಲ್ಲಿ

ಶಿರಾ ತಾಲ್ಲೂಕಿನ ಮದಲೂರು ಎಂದರೆ ಕೆರೆ. 2020ರ ಶಿರಾ ಉಪಚುನಾವಣೆಯಲ್ಲಿ ಆ ಕೆರೆಗೆ ಹೇಮಾವತಿ ನೀರು ಹರಿಸುವುದೇ ದೊಡ್ಡ ಮಾತಾಗಿತ್ತು. ಊರುಗೋಲು ಹಿಡಿದ ಹುಡುಗಿಯೊಬ್ಬಳು ಅಂಥ ಊರಿಂದ ಪಿಯುಸಿ ಮುಗಿಸಿ ಡಿಗ್ರಿಗೆ ಹೋಗುವುದು ಹೇಗೆಂಬ ಪ್ರಶ್ನೆ ಮಾತ್ರ ನಮ್ಮ ಕಡೆಯ ಯಾವ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ವಿಕಲಚೇತನರೆಂದರೆ ಮಾಸಾಶನ, ಹೆಚ್ಚೆಂದರೆ ಗಾಡಿ ವಿತರಣೆಯ ಫೋಟೊ. ಹಾಗೆಂದು ಇದು ಯಾರದೋ ಮನೆಯ ಸುದ್ದಿಯೂ ಅಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಂಡಿ, ಸೊಂಟ ಹಿಡಿದುಕೊಂಡವರನ್ನು ಕಾಣಬೇಕಾದರೆ ಪಾವಗಡ ಸೀಮೆಯಲ್ಲಿ ಬಹಳ ಹುಡುಕಬೇಕಿಲ್ಲ.

ಕಾಗದದಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮೊದಲು ಏಳೇ ಇದ್ದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು, ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ, ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲು. ಆದರೆ ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಲ್ಲಿ ಬಿ.ಎ.ಗೆ ಅರ್ಜಿ ಹಾಕಿದವರಿಗೆ ಸೀಟು ಸಿಗದೆ ಹೋಗುವುದೇ ಅಪರೂಪ. ಅಲ್ಲಿ ಈ ಶೇ 5ರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ತೊಂದರೆ ಶುರುವಾಗುವುದು ಫೀಸು ಕಟ್ಟಿದ ಮಾರನೇ ದಿನದಿಂದ.

ಮೊದಲನೆಯದು ಬಸ್ಸು. ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಹುಡುಗ ಎಂ.ಎ. ಓದಲು ತುಮಕೂರಿಗೆ ಹೊರಟರೆ ಪಾಸಿನ ಗಡಿ ಮೊದಲು ಮುಗಿಯುತ್ತದೆ, ದಾರಿ ಆಮೇಲೆ. ಪಾಸಿದ್ದರೂ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರವೆಂದರೆ, ಗಟ್ಟಿಮುಟ್ಟಾದ ಅಜ್ಜಿಯರೇ ಕಂಡಕ್ಟರ್ ಕೈ ಹಿಡಿದು ಹತ್ತುತ್ತಾರೆ. ಹತ್ತಿಳಿದು ಕಾಲೇಜು ಮುಟ್ಟಿದರೆ ಗಾಲಿಕುರ್ಚಿ ಹಿಡಿಸುವ ಶೌಚಾಲಯವಿಲ್ಲ. ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ. ಇದನ್ನು ಯಾವ ಹಾಜರಿ ಪುಸ್ತಕವೂ ದಾಖಲಿಸುವುದಿಲ್ಲ.

ಇದಕ್ಕೆಲ್ಲ ದುಡ್ಡು ಬೇಕು, ಒಪ್ಪೋಣ. ಪರೀಕ್ಷಾ ಕೊಠಡಿಯನ್ನು ನೆಲಮಹಡಿಗೆ ಬದಲಿಸಲು ಎಷ್ಟು ಬೇಕು? ನೋಂದಣಿ ಸಂಖ್ಯೆಯ ಕ್ರಮದಲ್ಲಿ ಕೊಠಡಿ ಹಂಚುತ್ತಾರೆ, ಊರುಗೋಲಿನ ಹುಡುಗಿಯ ಸಂಖ್ಯೆ ಎರಡನೇ ಮಹಡಿಗೆ ಬೀಳುತ್ತದೆ, ಗೆಳತಿಯರು ಎತ್ತಿಕೊಂಡು ಹೋಗುತ್ತಾರೆ. ನೋಡಿದವರು ಗೆಳೆತನವನ್ನು ಹೊಗಳುತ್ತಾರೆ. ಹಂಚಿಕೆ ಪಟ್ಟಿ ಬರೆದವರನ್ನು ಯಾರೂ ಕೇಳುವುದಿಲ್ಲ. ಅಂಧ ವಿದ್ಯಾರ್ಥಿಗೆ ಬರೆದುಕೊಡುವವರನ್ನು ಹುಡುಕುವ ಕೆಲಸವೂ ಬಹುಪಾಲು ವಿದ್ಯಾರ್ಥಿಯ ತಲೆಗೇ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ ಮಾರ್ಗಸೂಚಿ ಇದೆ. ಅಂಗವೈಕಲ್ಯದ ಪ್ರಮಾಣ ಶೇ 40 ಮುಟ್ಟಿಲ್ಲವೆಂದು ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲೇ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಪರೀಕ್ಷೆಯ ಬೆಳಗ್ಗೆ ಕೊಠಡಿ ಮೇಲ್ವಿಚಾರಕರ ಮುಂದೆ ಈ ಕಾನೂನನ್ನು ವಾದಿಸಬೇಕಾದವನು ಆ ಹುಡುಗನೇ.

ಇನ್ನೊಂದು ಅಡ್ಡಿ ಕನ್ನಡಕ್ಕೇ ಸೇರಿದ್ದು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಬರೆಯತೊಡಗಿದ, ಗೆಳೆಯ ಜೇಮ್ಸ್ ಟೆಹ್ ಕೈಜೋಡಿಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ, ಬರಹ ಯೂನಿಕೋಡ್‌ನಲ್ಲಿದ್ದರೆ. ನಮ್ಮ ಮೇಷ್ಟ್ರುಗಳ ನೋಟ್ಸು ಇನ್ನೂ ನುಡಿಯ ಹಳೆಯ ಫಾಂಟಿನಲ್ಲಿ, ಇಲ್ಲವೇ ಜೆರಾಕ್ಸಿನ ಜೆರಾಕ್ಸನ್ನು ಮೊಬೈಲಿನಲ್ಲಿ ಫೋಟೊ ಹೊಡೆದ ಪಿಡಿಎಫ್‌ನಲ್ಲಿ. ತಂತ್ರಾಂಶದ ಪಾಲಿಗೆ ಮೊದಲನೆಯದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಎರಡನೆಯದು ಬರೀ ಚಿತ್ರ. ಕನ್ನಡ ಮಾಧ್ಯಮದಲ್ಲಿ ಇತಿಹಾಸ ಓದುವ ಅಂಧ ವಿದ್ಯಾರ್ಥಿಗೆ ಕಣ್ಣಿಗಿಂತ ದೊಡ್ಡ ಕೊರತೆ ಈ ಫಾಂಟು. ಟೈಪ್ ಮಾಡುವಾಗ ಒಂದು ಆಯ್ಕೆ ಬದಲಿಸಿದರೆ ತೀರುವ ಸಮಸ್ಯೆಯನ್ನು ನಾವು ವರ್ಷಗಟ್ಟಲೆ ಸಾಕಿಕೊಂಡಿದ್ದೇವೆ.

ಪಾಠ ಹೇಳುವವರ ಪಾಡೂ ಬೇರೆಯಲ್ಲ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ ಎಂದು 2016ರ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಆದರೆ ಪದವಿ ಕಾಲೇಜುಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಬಲದ ಮೇಲೆ. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ‘ನನಗೆ ಕೆಳಗಿನ ಕ್ಲಾಸ್‌ರೂಮ್ ಕೊಡಿ ಸಾರ್’ ಎಂದು ಪ್ರಾಂಶುಪಾಲರನ್ನು ಕೇಳುವುದಕ್ಕೂ ಹಿಂಜರಿಯುತ್ತಾರೆ.

2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯಕ್ಕೆ ಬಿದರಕಟ್ಟೆಯಲ್ಲಿ ಹೊಸ ಆವರಣವಿದೆ. ಹಳೇ ಕಟ್ಟಡ, ಜಾಗವಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ವಿಕಲಚೇತನರಿಗೆ ಬೇಕಾದ ಸೌಲಭ್ಯಗಳನ್ನು ಬರೀ ಮಾರ್ಗಸೂಚಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಇಳಿಜಾರು ದಾರಿ ಮುಖ್ಯದ್ವಾರಕ್ಕೆ ಮಾತ್ರ ಇದ್ದರೆ ಸಾಲದು. ಗ್ರಂಥಾಲಯಕ್ಕೆ, ಹಾಸ್ಟೆಲಿಗೆ, ಕ್ಯಾಂಟೀನಿಗೆ, ಬಸ್ ನಿಲ್ಲುವ ಜಾಗಕ್ಕೆ ಬೇಕು.

ಸರ್ಕಾರಿ ಪದವಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಓದುಗರು ಆ ಸಮಿತಿಯಲ್ಲಿದ್ದರೆ, ಅಥವಾ ಇರುವವರನ್ನು ಬಲ್ಲವರಾದರೆ, ಮುಂದಿನ ಸಭೆಯಲ್ಲಿ ಎರಡು ವಿಷಯ ಎತ್ತಿಸಿ: ಬರುವ ಸೆಮಿಸ್ಟರ್ ಪರೀಕ್ಷೆಯಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆಲ್ಲ ನೆಲಮಹಡಿಯ ಕೊಠಡಿ, ಕಾಲೇಜಿನ ನೋಟ್ಸೆಲ್ಲ ಯೂನಿಕೋಡ್‌ನಲ್ಲಿ. ಇವೆರಡಕ್ಕೂ ಅನುದಾನ ಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ.