ಮೊಗಿಲಿ ಘಾಟ್ ಇಳಿಯುವಾಗ ನ್ಯೂಟ್ರಲ್ ಬೇಡ

ಇವತ್ತು ಬೆಳೆ ವಿಚಾರ ಅಲ್ಲ, ಬೆಳೆ ಹೊತ್ಕೊಂಡು ಹೋಗೋ ದಾರಿ ವಿಚಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಬಸ್ಸಲ್ಲಿ ಸುತ್ತೋರ ವಿಡಿಯೋಗಳನ್ನ ನಮ್ಮ ಹುಡುಗ್ರು ಬಾಯಿ ಬಿಟ್ಕೊಂಡು ನೋಡ್ತಾರೆ. ನಾವು ಬೆಳೆಯೋ ಆಲೂಗಡ್ಡೆ ಹುಟ್ಟಿದ್ದೂ ಆ ಬೆಟ್ಟಗಳಲ್ಲೇ. ಅಲ್ಲಿ ಬೊಲಿವಿಯಾ ದೇಶದಲ್ಲಿ ಲಾ ಪಾಜ್‌ನಿಂದ ಕೊರೊಯಿಕೊಗೆ ಒಂದು ಹಳೇ ರಸ್ತೆ ಇದೆ. ಸುಮಾರು 4,650 ಮೀಟರ್ ಎತ್ತರದ ಕಣಿವೆಯಿಂದ ಇಳಿಯುತ್ತೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ, ಎಷ್ಟೋ ಕಡೆ ಒಂದೇ ಗಾಡಿ ಹಿಡಿಯೋ ಅಗಲ. 1983ರಲ್ಲಿ ಒಂದು ಬಸ್ಸು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. 2006ರಲ್ಲಿ ಹೊಸ ರಸ್ತೆ ಆಯ್ತು, ಈಗ ಹಳೇದರಲ್ಲಿ ಹೆಚ್ಚಾಗಿ ಸೈಕಲ್ ತುಳಿಯೋರು ಹೋಗ್ತಾರೆ.

ಆ ರಸ್ತೆಗೆ ಒಂದು ಕಟ್ಟುನಿಟ್ಟು ಇತ್ತು. ಹತ್ತೋ ಗಾಡಿಗೆ ಮೊದಲು ದಾರಿ, ಇಳಿಯೋದು ನಿಲ್ಲಬೇಕು. ಬೊಲಿವಿಯಾದಲ್ಲಿ ಗಾಡಿ ಓಡಿಸೋದು ಬಲಗಡೆ, ಆದ್ರೆ ಅಲ್ಲಿ ಮಾತ್ರ ಎಡಗಡೆ. ಯಾಕಂದ್ರೆ ಅಲ್ಲಿಯ ಗಾಡಿಗಳಲ್ಲಿ ಸ್ಟೀರಿಂಗ್ ಎಡಕ್ಕಿರುತ್ತೆ. ಇಳಿಯೋ ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿದ್ರೆ ತನ್ನ ಚಕ್ರ ಪ್ರಪಾತದ ಅಂಚಿಗೆ ಎಷ್ಟು ಹತ್ರ ಇದೆ ಅಂತ ಕಾಣಬೇಕು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಾವಿರೋದೂ ಎತ್ತರದ ಸೀಮೆಯಲ್ಲೇ. ಕೆಜಿಎಫ್ ಸುಮಾರು 850 ಮೀಟರ್, ಚಿತ್ತೂರು ಸುಮಾರು 330. ಬೇತಮಂಗಲ, ವಿ.ಕೋಟ ದಾಟಿ ಪಲಮನೇರಿಗೆ ಹೋಗಿ, ಅಲ್ಲಿಂದ ಚಿತ್ತೂರು ಬಸ್ಸು ಹತ್ತಿದ್ರೆ ಮೊಗಿಲಿ ಘಾಟ್ ಇಳೀಲೇಬೇಕು. ಮುಳಬಾಗಿಲು, ನಂಗಲಿ ಕಡೆಯಿಂದ ಹೋದ್ರೂ ಅದೇ ಘಾಟ್. ನಮ್ಮ ಕೋಲಾರದ ಟೊಮೇಟೊ ಚೆನ್ನೈಗೆ ಇಳಿಯೋ ದಾರೀನೂ ಅದು.

ಇತ್ತೀಚೆಗೆ ಆ ಬಸ್ಸಲ್ಲಿ ಹೋಗುವಾಗ ಡ್ರೈವರ್ ಹಿಂದಿನ ಸೀಟಲ್ಲೇ ಕೂತಿದ್ದೆ. ಇಳಿಜಾರು ಶುರು ಆಗೋಕೆ ಮುಂಚೇನೇ ಆಯಪ್ಪ ಗೇರ್ ಇಳಿಸಿದ್ರು. ಬ್ರೇಕ್ ಮೇಲೆ ಆಗಾಗ ಕಾಲಿಟ್ಟು ತೆಗೀತಿದ್ರು ಅಷ್ಟೆ, ಇಂಜಿನ್ ಗೊರಗೊರ ಅಂತ ಬಸ್ಸನ್ನ ಹಿಡ್ಕೊಂಡಿತ್ತು. ಅದೇ ಹೊತ್ತಿಗೆ ಟೊಮೇಟೊ ಕ್ರೇಟ್ ತುಂಬಿದ ಒಂದು ಪಿಕಪ್ ಇಂಜಿನ್ ಸದ್ದೇ ಇಲ್ಲದೆ ಸುಯ್ ಅಂತ ಪಕ್ಕದಲ್ಲಿ ಹೋಯ್ತು. "ನ್ಯೂಟ್ರಲ್ ಹಾಕಿದಾನೆ ನೋಡಣ್ಣ, ಬ್ರೇಕ್ ಕಾದ್ರೆ ಹಿಡಿಯಲ್ಲ" ಅಂದ್ರು ಡ್ರೈವರ್.

ಆ ಮಾತು ನೂರಕ್ಕೆ ನೂರು ನಿಜ. ನೂರು ಕ್ರೇಟ್ ಅಂದ್ರೆ, ಕ್ರೇಟಿಗೆ 15 ಕೆ.ಜಿ. ಲೆಕ್ಕದಲ್ಲಿ ಒಂದೂವರೆ ಟನ್. ನ್ಯೂಟ್ರಲಲ್ಲಿ ಅಷ್ಟು ಭಾರಾನೂ ಬ್ರೇಕ್ ಒಂದರ ಮೇಲೇ ಬೀಳುತ್ತೆ. ಲೈನಿಂಗ್ ಕಾದು ಸೀದ ವಾಸನೆ ಬರುತ್ತೆ, ಆಮೇಲೆ ಪೆಡಲ್ ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ. ಇಂಜಿನ್ ಆಫ್ ಮಾಡಿದ್ರೆ ಇನ್ನೂ ಕೆಟ್ಟದ್ದು, ಸ್ಟೀರಿಂಗೂ ಬ್ರೇಕೂ ಎರಡೂ ಗಟ್ಟಿಯಾಗುತ್ತೆ.

ಡೀಸೆಲ್ ಉಳಿಯುತ್ತೆ ಅಂತಾರೆ. ಈಗಿನ ಗಾಡಿಗಳಲ್ಲಿ ಅದೂ ಸುಳ್ಳು. ಗೇರಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಇಳಿಜಾರಲ್ಲಿ ಇಂಜಿನ್ನಿಗೆ ಡೀಸೆಲ್ ಹೋಗೋದು ತಾನಾಗೇ ನಿಲ್ಲುತ್ತೆ. ನ್ಯೂಟ್ರಲಲ್ಲಿ ಇಂಜಿನ್ ಸುಮ್ನೆ ಓಡ್ತಾ ಡೀಸೆಲ್ ಕುಡೀತಾ ಇರುತ್ತೆ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ ಬಂದ್ರೆ ಈ ತಾಪತ್ರಯ ಇರಲ್ಲ ಅಂತ ಕೆಲವರು ಹೇಳಬಹುದು. ರಸ್ತೆ ಅಗಲ ಆದ್ರೂ ಇಳಿಜಾರು ಎಲ್ಲಿ ಹೋಗುತ್ತೆ? ಅಗಲ ರಸ್ತೆಯಲ್ಲಿ ವೇಗ ಇನ್ನೂ ಜಾಸ್ತಿ.

ನನ್ನ ಅಭಿಪ್ರಾಯ ಇಷ್ಟು. ಲೋಡ್ ಕಳಿಸೋ ರೈತರು ಬಾಡಿಗೆ ಮಾತಾಡುವಾಗಲೇ ಡ್ರೈವರ್‌ಗೆ ಇದನ್ನೂ ಹೇಳಿ.

1. ಆರ್‌ಸಿಯಲ್ಲಿ ಬರೆದಿರೋ ತೂಕಕ್ಕಿಂತ ಒಂದು ಕ್ರೇಟೂ ಹೆಚ್ಚಿಗೆ ಬೇಡ.
2. ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು.
3. ದಾರಿ ಕಿರಿದಾದ ಕಡೆ ಹತ್ತೋ ಗಾಡಿಗೆ ದಾರಿ ಬಿಡಬೇಕು. ಇದು ಬೊಲಿವಿಯಾ ನಿಯಮ ಮಾತ್ರ ಅಲ್ಲ, ನಮ್ಮ ದೇಶದ ರಸ್ತೆ ನಿಯಮದಲ್ಲೂ ಇದೆ.
4. ಬ್ರೇಕ್ ವಾಸನೆ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ ಆರಲಿಕ್ಕೆ ಬಿಡಬೇಕು. ನೀರು ಹುಯ್ಯಬಾರದು, ಡ್ರಮ್ ಬಿರುಕು ಬಿಡುತ್ತೆ.

ಹರಾಜಿನ ಹೊತ್ತಿಗೆ ಸೇರ್ಬೇಕು ಅಂದ್ರೆ ಒಂದು ಗಂಟೆ ಮುಂಚೆ ಲೋಡ್ ಮಾಡಿಸಿ. "ಬೇಗ ಬಾರಪ್ಪ" ಅಂತ ಘಾಟ್ ಮೇಲಿರೋ ಹುಡುಗನಿಗೆ ಫೋನ್ ಮೇಲೆ ಫೋನ್ ಮಾಡಬೇಡಿ. ರೇಟು ಇವತ್ತು ಬಿದ್ರೆ ನಾಳೆ ಏಳುತ್ತೆ. ಗಾಡಿ ಓಡಿಸೋ ಹುಡುಗ್ರು ನಮ್ಮ ನಿಮ್ಮ ಮನೆಯವರೇ. ನಿಮ್ಮೂರಿನ ಪಿಕಪ್ ಡ್ರೈವರ್‌ಗಳಿಗೆ ಇದನ್ನ ತಪ್ಪದೆ ಕಳಿಸಿ.