ಉಡುಗೊರೆಗೆ ಅಚ್ಚುಕಟ್ಟಾದ ಹೊದಿಕೆ



ದೀಪಾವಳಿ ಬಂತೆಂದರೆ ನಮ್ಮ ಚಂದಾಪುರ, ಚಿಂಚೋಳಿ, ಸೇಡಂ ಕಡೆಯ ಮನೆಗಳಲ್ಲಿ ಅಣ್ಣ-ತಮ್ಮಂದಿರಿಗೆ ಆರತಿ ಬೆಳಗುವ ಸಡಗರ. ಆರತಿ ತಟ್ಟೆಗೆ ಒಬ್ಬ ಅಣ್ಣ ರೇಷ್ಮೆ ಸೀರೆ ಇಟ್ಟರೆ, ಇನ್ನೊಬ್ಬನ ಕೈಯಲ್ಲಿ ಆಗುವುದು ಒಂದು ಕುಬುಸದ ಖಣ ಮಾತ್ರ. ಸುತ್ತ ಕೂತ ಮಂದಿ ಸುಮ್ಮನಿರುತ್ತಾರೆಯೇ? “ಯಾರ್ ಏನ್ ಕೊಟ್ಟಾರ, ತೋರ್ಸವ್ವ ನೋಡಮು” ಎನ್ನುತ್ತಾರೆ. ಕೊಟ್ಟವನು ತಲೆ ತಗ್ಗಿಸುತ್ತಾನೆ, ಪಡೆದವಳಿಗೂ ಸಂಕಟ. ಎರಡೂ ಉಡುಗೊರೆಗಳು ಒಂದೇ ತರಹದ ಕಾಗದ ಹೊದ್ದು ತಟ್ಟೆಗೆ ಬಂದರೆ ಈ ತಾಪತ್ರಯವೇ ಇಲ್ಲ. ಅವನ್ನು ಕಟ್ಟಿಕೊಡುವ ಕೆಲಸ ಹೆಚ್ಚಾಗಿ ಅತ್ತಿಗೆ-ನಾದಿನಿಯರಾದ ನಮ್ಮ ಪಾಲಿಗೇ ಬರುತ್ತದೆ. ಹಾಗಾಗಿ ಇದನ್ನು ಬರೀ ಷೋಕಿ ಎನ್ನಬೇಡಿ, ಮನೆಯ ಮಾನ ಕಾಯುವ ವಿದ್ಯೆ ಎನ್ನಿ.

ಕಾಗದ ಸುಕ್ಕಾಗುವುದು ಕೈ ಸರಿ ಇಲ್ಲದ್ದಕ್ಕಲ್ಲ, ಅಳತೆ ತಪ್ಪುವುದಕ್ಕೆ. ಎಷ್ಟೋ ಜನ ಪೂರ್ತಿ ಹಾಳೆಯನ್ನೇ ಸುತ್ತಿ, ಉಳಿದದ್ದನ್ನು ತುದಿಗಳಲ್ಲಿ ತುರುಕುತ್ತಾರೆ. ಹಾಗೆ ಮಾಡಬಾರದು. ಡಬ್ಬಿಯ ಸುತ್ತ ಒಂದು ದಾರ ಸುತ್ತಿ ನೋಡಿ. ಆ ದಾರದ ಉದ್ದಕ್ಕೆ ಎರಡು ಬೆರಳು ಕೂಡಿಸಿದರೆ ಕಾಗದದ ಒಂದು ಅಳತೆ ಸಿಕ್ಕಿತು. ಇನ್ನೊಂದು ಅಳತೆಗೆ ಡಬ್ಬಿಯ ಉದ್ದ ತೆಗೆದುಕೊಂಡು, ಎರಡೂ ತುದಿಗೆ ಡಬ್ಬಿಯ ಎತ್ತರದ ಮುಕ್ಕಾಲು ಭಾಗ ಬಿಡಿ. ಸೀರೆಯ ಡಬ್ಬಿ 30 ಸೆಂಟಿಮೀಟರ್ ಉದ್ದ, 22 ಅಗಲ, 5 ಎತ್ತರ ಇದ್ದರೆ, 57ಕ್ಕೆ 38ರ ಕಾಗದ ಸಾಕು. 70ಕ್ಕೆ 50ರ ಒಂದು ಹಾಳೆಯಲ್ಲಿ ಇದು ಸಲೀಸಾಗಿ ಆಗುತ್ತದೆ.

ಇನ್ನು ಸುತ್ತುವ ಕ್ರಮ. ಕಾಗದದ ಚಿತ್ರವಿರುವ ಮಗ್ಗುಲು ಕೆಳಗಿರಲಿ. ಡಬ್ಬಿಯನ್ನು ಬೋರಲಾಗಿ ಇಡಿ, ಆಗ ಕೂಡಿಸಿದ ಅಂಚು ಅಡಿಗೆ ಹೋಗುತ್ತದೆ. ಮೇಲೆ ಬರುವ ಅಂಚನ್ನು ಅರ್ಧ ಬೆರಳು ಒಳಮಡಿಚಿ, ಬಿಗಿಯಾಗಿ ಎಳೆದು ಟೇಪು ಅಂಟಿಸಿ. ತುದಿಗಳಲ್ಲಿ ಮೊದಲು ಎಡ-ಬಲದ ಕಾಗದವನ್ನು ಒಳಗೆ ಒತ್ತಿ; ಆಮೇಲೆ ಮೇಲಿನದನ್ನು ಕೆಳಗೆ ಮಡಿಚಿ; ಕೊನೆಗೆ ಕೆಳಗಿನದನ್ನು ಮೇಲೆ ತಂದು ಅಂಟಿಸಿ. ಪ್ರತಿ ಮಡಿಕೆಯ ಮೇಲೂ ಚಮಚದ ಬೆನ್ನಿನಿಂದ ಒಮ್ಮೆ ತೀಡಿದರೆ ಗೆರೆ ನೇರವಾಗಿ ನಿಲ್ಲುತ್ತದೆ. ನೀರಾದ ಗೋಂದು ಬೇಡ, ಕಾಗದ ಉಬ್ಬುತ್ತದೆ. ಪಿನ್ನು ಹೊಡೆಯುವುದೂ ಬೇಡ, ಬಿಚ್ಚುವವರ ಬೆರಳಿಗೆ ಚುಚ್ಚೀತು.

ತಂಬಿಗೆ, ಕುಂಕುಮದ ಭರಣಿಯಂಥ ದುಂಡನೆಯ ಸಾಮಾನಿಗೆ ಕಾಗದ ಒಗ್ಗುವುದಿಲ್ಲ. ಅದಕ್ಕೆ ಬಟ್ಟೆಯೇ ಸರಿ. ಜಪಾನಿನಲ್ಲಿ ಹೀಗೆ ಸಾಮಾನು ಕಟ್ಟುವ ಚೌಕದ ಬಟ್ಟೆಗೆ ಫುರೋಶಿಕಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲ ಕಡಿಮೆಯಾಗಲೆಂದು 2006ರಲ್ಲಿ ಅಲ್ಲಿಯ ಪರಿಸರ ಸಚಿವೆ ಯುರಿಕೊ ಕೊಯಿಕೆ ಅವರೇ ಇದನ್ನು ಮತ್ತೆ ರೂಢಿಗೆ ತರಲು ಪ್ರಚಾರ ಮಾಡಿದರು. ತೊಗರಿ ಹೊಲಕ್ಕೆ ರೊಟ್ಟಿ ಬುತ್ತಿ ಕಟ್ಟುವ ನಮಗೆ ಇದೇನು ಹೊಸದೇ? ಒಂದು ಗುಳೇದಗುಡ್ಡ ಖಣವನ್ನು ಓರೆಯಾಗಿ ಹಾಸಿ, ನಡುವೆ ಸಾಮಾನಿಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಮೇಲೆ ಮಡಿಚಿ. ಉಳಿದ ಎರಡು ಮೂಲೆಗಳನ್ನು ಗಂಟು ಹಾಕಿ. ಮೊದಲ ಸುತ್ತಿಗೆ ಬಲತುದಿ ಮೇಲಿದ್ದರೆ ಎರಡನೆಯದಕ್ಕೆ ಎಡತುದಿ ಮೇಲಿರಲಿ. ಗಂಟು ಜಾರುವುದಿಲ್ಲ, ಬಿಚ್ಚಲೂ ಸುಲಭ. ಹೊದಿಕೆಯೇ ಒಂದು ಕುಬುಸವಾಯಿತು, ಎಸೆಯುವ ಮಾತೇ ಇಲ್ಲ!

ಫರಾಳ ಕಳಿಸುವಾಗ ಮಾತ್ರ ಜೋಕೆ. ಕರ್ಚಿಕಾಯಿ, ಶೇಂಗಾ ಉಂಡಿಯನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ. ಅಚ್ಚಿನ ಮಸಿ ತಿಂಡಿಗೆ ಇಳಿಯುತ್ತದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಮಿಠಾಯಿ ಡಬ್ಬಿಗೆ ಮಿರಿಮಿರಿ ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಸ್ಟೀಲ್ ಡಬ್ಬಿಯಲ್ಲಿ ತುಂಬಿ ಮೇಲೊಂದು ಬಟ್ಟೆ ಕಟ್ಟಿದರೆ ವಾಡಿ, ಶಹಾಬಾದದವರೆಗೆ ಬಸ್ಸಿನಲ್ಲಿ ಕುಲುಕಿದರೂ ಚಿಂತೆಯಿಲ್ಲ.

ಸುತ್ತುವ ಮೊದಲು ಬೆಲೆಚೀಟಿ ತೆಗೆಯುವುದನ್ನು ಮರೆಯಬೇಡಿ. ಮನೆಯ ಉಡುಗೊರೆಗಳಿಗೆಲ್ಲ ಒಂದೇ ಬಣ್ಣದ ಕಾಗದ ತನ್ನಿ, ಮೇಲೆ ಹೆಸರಷ್ಟೇ ಬರೆಯಿರಿ. ಮಂದಿ “ಬಿಚ್ಚು, ಬಿಚ್ಚು” ಎಂದರೆ, “ದೇವರ ಮುಂದ ಇಟ್ಟು ಆಮ್ಯಾಲ ಬಿಚ್ತೀನ್ರಿ” ಎಂದು ನಕ್ಕು ಎದ್ದುಬಿಡಿ. ಬೆಲೆಬಾಳುವ ಕಾಗದ ಹಾಳಾದೀತೆಂಬ ಅಂಜಿಕೆ ಇದ್ದರೆ, ಇವತ್ತೇ ಮಧ್ಯಾಹ್ನ ಒಂದು ಖಾಲಿ ಡಬ್ಬಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿ ನೋಡಿ. ಮೂರನೆಯ ಸಲಕ್ಕೆ ಕೈ ತಾನೇ ಕೂಡುತ್ತದೆ.